ಎಚ್‌ಪಿವಿ ತಡೆಯೋದು ಹೇಗೆ: ಮಗಳಿಗಷ್ಟೇ ಅಲ್ಲ, ಮಗನಿಗೂ ಲಸಿಕೆ, ಅಮ್ಮನಿಗೆ ಟೆಸ್ಟು

ಗರ್ಭಕಂಠದ ಕ್ಯಾನ್ಸರ್‌ಗೆ ಹೆಚ್ಚುಕಮ್ಮಿ ಯಾವಾಗ್ಲೂ ಕಾರಣ ಲೈಂಗಿಕ ಸಂಪರ್ಕದಿಂದ ಹರಡೋ ಎಚ್‌ಪಿವಿ ಅನ್ನೋ ವೈರಸ್. ಗಂಡಸರಿಗೆ ಗಂಟಲು, ಗುದದ್ವಾರ, ಶಿಶ್ನದ ಕ್ಯಾನ್ಸರ್ ತರೋದ್ರಲ್ಲೂ ಇದರ ಕೈವಾಡ ಇದೆ, ಆದ್ರೂ ನಮ್ಮಲ್ಲಿ ಇದನ್ನ ಹೆಂಗಸರ ಕಾಯಿಲೆ ಅಂತಾನೇ ಬದಿಗಿಡ್ತಾರೆ. ಸೋಂಕು ಬಂದ ಬಹುತೇಕರಿಗೆ ಒಂದೆರಡು ವರ್ಷದಲ್ಲಿ ತಾನಾಗೇ ಹೋಗುತ್ತೆ. ಹೋಗದೆ ಕೂತ್ರೂ ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 15-20 ವರ್ಷ ಹಿಡಿಯುತ್ತೆ, ಹಂಗಾಗಿ ತಡೆಯೋಕೆ ಟೈಮ್ ಬೇಕಾದಷ್ಟಿದೆ.

ಮೊದಲು ಲಸಿಕೆ. 9ರಿಂದ 14 ವರ್ಷದೊಳಗೆ ಹಾಕ್ಸಿದ್ರೆ ಬೆಸ್ಟ್, 6 ತಿಂಗಳ ಗ್ಯಾಪಲ್ಲಿ ಎರಡು ಡೋಸ್. 15 ತುಂಬಿದ್ರೆ ಮೂರು, ಅಂದ್ರೆ ಮೊದಲನೇದು, 2 ತಿಂಗಳಿಗೊಂದು, 6 ತಿಂಗಳಿಗೊಂದು. 20ರ ತನಕ ಒಂದೇ ಡೋಸ್ ಕೊಟ್ರೂ ನಡೆಯುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ, ನಿಮ್ಮ ಡಾಕ್ಟ್ರನ್ನ ಕೇಳಿ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನವರ ಸರ್ವಾವ್ಯಾಕ್ ಲಸಿಕೇನ ಹುಡುಗ್ರಿಗೂ ಕೊಡ್ತಾರೆ, ಅದು 6, 11, 16, 18 ಅನ್ನೋ ನಾಲ್ಕು ತಳಿ ತಡೆಯುತ್ತೆ, ಗರ್ಭಕಂಠದ ಕ್ಯಾನ್ಸರಲ್ಲಿ ಸುಮಾರು 70% ಈ 16, 18ರದ್ದೇ. ಹಾಕಿಸ್ಕೊಂಡ ಮೇಲೆ 15 ನಿಮಿಷ ಅಲ್ಲೇ ಕೂರಿಸಿ, ಸೂಜಿ ಭಯಕ್ಕೆ ಕೆಲವು ಮಕ್ಕಳು ತಲೆಸುತ್ತಿ ಬೀಳ್ತಾರೆ. ಮುಂದೆ ಮಕ್ಕಳಾಗಲ್ಲ ಅನ್ನೋ ವಾಟ್ಸಾಪ್ ಮೆಸೇಜ್ ಬರೀ ಬೊಗಳೆ.

ಆಮೇಲೆ ಟೆಸ್ಟು, ನಮ್ಮೋರು ಎಡವೋದು ಇಲ್ಲೇ. ಮಗಳಿಗೆ ಸಾವಿರಾರು ರೂಪಾಯಿ ಕೊಟ್ಟು ಲಸಿಕೆ ಹಾಕ್ಸೋ ಅಮ್ಮ ತಾನು ಒಂದ್ಸಲಾನೂ ಚೆಕ್ ಮಾಡಿಸ್ಕೊಂಡಿರಲ್ಲ. ಲಸಿಕೆ ಆಗ್ಲೇ ಇರೋ ಸೋಂಕನ್ನ ವಾಸಿ ಮಾಡಲ್ಲ ಕಣ್ರೀ. 30 ದಾಟಿದೋರು ಸರ್ಕಾರಿ ಆಸ್ಪತ್ರೆಲಿ ವಿಐಎ ಅಂತ ಕೇಳಿ: ವಿನೆಗರ್ ಥರದ ದ್ರಾವಣ ಗರ್ಭಕಂಠಕ್ಕೆ ಸವರಿ ಒಂದು ನಿಮಿಷ ಕಾದು ನೋಡ್ತಾರೆ, ಕೆಟ್ಟ ಜೀವಕೋಶ ಇದ್ರೆ ಆ ಜಾಗ ಬೆಳ್ಳಗಾಗುತ್ತೆ. ಗರ್ಭಕಂಠದ ಜೀವಕೋಶ ತೆಗೆದು ನೋಡೋ ಪ್ಯಾಪ್ ಟೆಸ್ಟ್ ಆದ್ರೆ 3 ವರ್ಷಕ್ಕೊಮ್ಮೆ, ವೈರಸ್ ಇದೆಯಾ ಅಂತ ನೋಡೋ ಎಚ್‌ಪಿವಿ ಡಿಎನ್‌ಎ ಟೆಸ್ಟ್ ಆದ್ರೆ 5 ವರ್ಷಕ್ಕೊಮ್ಮೆ ಸಾಕು. ಮುಟ್ಟಿನ ದಿನ ಬೇಡ, ಹಿಂದಿನ ಎರಡು ದಿನ ಸಂಭೋಗ, ಕ್ರೀಮು ಬೇಡ. ಲಸಿಕೆ ಆದೋರೂ ಟೆಸ್ಟ್ ಬಿಡಂಗಿಲ್ಲ. ಎಚ್‌ಪಿವಿ ಪಾಸಿಟಿವ್ ಬಂತು ಅಂದ್ರೆ ಕ್ಯಾನ್ಸರ್ ಅಂತಲ್ಲ, ಗಂಡನ ಮೇಲೆ ಜಗಳಕ್ಕೆ ಹೋಗೋದೂ ಬೇಡ, ವೈರಸ್ ವರ್ಷಗಟ್ಟಲೆ ಸುಮ್ನೆ ಅಡಗಿರಬಹುದು.

ಕಾಂಡೋಮ್ ರಿಸ್ಕ್ ಕಮ್ಮಿ ಮಾಡುತ್ತೆ, ಪೂರ್ತಿ ತಡೆಯಲ್ಲ, ಯಾಕಂದ್ರೆ ಇದು ಚರ್ಮದಿಂದ ಚರ್ಮಕ್ಕೆ ಹರಡುತ್ತೆ. ಸಿಗರೇಟ್ ಬಿಡಿ.

ಗಂಡಸರಿಗೆ ಪ್ಯಾಪ್ ಥರ ರೊಟೀನ್ ಟೆಸ್ಟ್ ಇಲ್ಲ, ಅದಕ್ಕೇ ಹುಡುಗರ ಲಸಿಕೆ ಬಗ್ಗೆ ಇಷ್ಟು ಒತ್ತಿ ಹೇಳ್ತಿರೋದು. ಕುತ್ತಿಗೇಲಿ ಗಂಟು, ವಾಸಿಯಾಗದ ಹುಣ್ಣು, ನುಂಗೋಕೆ ಕಷ್ಟ ಎರಡ್ಮೂರು ವಾರಕ್ಕೂ ಹೋಗ್ಲಿಲ್ಲ ಅಂದ್ರೆ ನಾಚ್ಕೊಳ್ದೆ ಡಾಕ್ಟ್ರಿಗೆ ತೋರಿಸಿ.