ಚಳಿಗಾಲದ ಗಾಲ್ವೇ: ಮಕ್ಕಳ ಜೊತೆ ಒಂದು ದಿನ, ಗಾಳಿ ಬೆನ್ನಿಗೆ ಬರುವ ಹಾಗೆ

ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇಗೆ ಡಿಸೆಂಬರ್, ಜನವರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಟರೆ, ನೋಡುವ ಜಾಗಗಳ ಪಟ್ಟಿಯನ್ನು ನಾವು ಕೊನೆಗೆ ಬರೆದುಕೊಳ್ಳುತ್ತೇವೆ. ಮೊದಲು ವಿಚಾರಿಸುವುದು ಬೆಳಕು ಎಷ್ಟು ಹೊತ್ತು, ಗಾಳಿ ಯಾವ ಕಡೆಯದು, ಉಬ್ಬರ ಎಷ್ಟು ಗಂಟೆಗೆ ಎಂದು. ಇವು ಗೊತ್ತಾದರೆ ದಿನ ತಾನಾಗಿ ಜೋಡಣೆಯಾಗುತ್ತದೆ.

ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 8.50ರ ಸುಮಾರಿಗೆ, ಮುಳುಗುವುದು ಸಂಜೆ 4.25ರ ಸುಮಾರಿಗೆ. ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲೇರುತ್ತಾನೆ. ಶಾಪ್ ಸ್ಟ್ರೀಟ್, ಕೀ ಸ್ಟ್ರೀಟ್‌ನಂಥ ಹಳೇ ಊರಿನ ಇಕ್ಕಟ್ಟಾದ ಬೀದಿಗಳಿಗೆ ಬಿಸಿಲು ಇಳಿಯುವುದೇ ಅಪರೂಪ. ದಕ್ಷಿಣಕ್ಕೆ ಮುಖ ಮಾಡಿರುವ ಸಾಲ್ಟ್‌ಹಿಲ್ ಕಡಲದಂಡೆಗೆ ಮಾತ್ರ ಇರುವಷ್ಟು ಬಿಸಿಲೂ ಸಿಗುತ್ತದೆ. ಹಾಗಾಗಿ ಹಗಲೆಲ್ಲ ಕಡಲಿಗೆ, ಕತ್ತಲಾದ ಮೇಲೆ ಊರಿಗೆ.

ಹೆಚ್ಚಿನವರು ಊರಿನ ನಡುವಿನ ಐರ್ ಸ್ಕ್ವೇರ್‌ನಿಂದ ನಡೆಯುತ್ತ, ನದಿ ದಡದ ಹಳೇ ಕಮಾನು ಸ್ಪ್ಯಾನಿಷ್ ಆರ್ಚ್ ದಾಟಿ ಸಾಲ್ಟ್‌ಹಿಲ್ ಕಡೆ ಹೋಗುತ್ತಾರೆ. ಬೇಸಿಗೆಗೆ ಅದು ಸರಿ. ಚಳಿಗಾಲದಲ್ಲಿ ಗಾಳಿ ಬಹುಪಾಲು ನೈಋತ್ಯದಿಂದ, ಅಂದರೆ ಎದುರಿನಿಂದಲೇ ಬೀಸುತ್ತದೆ. 6 ಡಿಗ್ರಿ ತಾಪಮಾನಕ್ಕೆ ಗಂಟೆಗೆ 40 ಕಿಲೋಮೀಟರ್ ಗಾಳಿ ಸೇರಿದರೆ ಮುಖಕ್ಕೆ ತಟ್ಟುವುದು 1 ಡಿಗ್ರಿಯ ಚಳಿ. ಚಿಕ್ಕ ಮಕ್ಕಳು ಅರ್ಧ ದಾರಿಗೇ ಅಳಲು ಶುರುಮಾಡುತ್ತಾರೆ, ಅಲ್ಲಿಂದ ವಾಪಸ್ ಬರುವುದೂ ಅಷ್ಟೇ ದೂರ. ನಾವು ಮಾಡುವುದು ತಿರುಗುಮುರುಗು. ಐರ್ ಸ್ಕ್ವೇರ್‌ನಲ್ಲಿ 401 ಬಸ್ ಹತ್ತಿ ಮೊದಲು ಸಾಲ್ಟ್‌ಹಿಲ್‌ಗೆ ಹೋಗುತ್ತೇವೆ (ಮೊದಲೇ ಹಣ ತುಂಬಿಸಿಕೊಳ್ಳುವ ಪ್ರಯಾಣದ ಕಾರ್ಡ್, ಲೀಪ್ ಕಾರ್ಡ್ ಇದ್ದರೆ ನಗದಿಗಿಂತ ಅಗ್ಗ). ಬ್ಲ್ಯಾಕ್‌ರಾಕ್ ಡೈವಿಂಗ್ ಟವರ್‌ನಿಂದ ಪೂರ್ವಕ್ಕೆ, ನದಿ ಕಡಲು ಸೇರುವಲ್ಲಿನ ಹಳೇ ಮೀನುಗಾರರ ಬಡಾವಣೆ ಕ್ಲಾಡಾ ಕಡೆಗೆ ನಡೆದರೆ ಸುಮಾರು 3 ಕಿಲೋಮೀಟರ್, ಪೂರ್ತಿ ಸಮತಟ್ಟು, ಗಾಳಿ ಬೆನ್ನಿಗೆ. ಐದಾರು ವರ್ಷದ ಮಕ್ಕಳೂ ನಡೆಯುತ್ತಾರೆ. ಗಾಳಿ ಪೂರ್ವದ್ದಾಗಿದ್ದರೆ ಮಾತ್ರ ಊರಿನಿಂದ ಹೊರಡಬೇಕು.

ಊರವರು ಈ ದಂಡೆಯ ಕಾಲುದಾರಿಯನ್ನು ಪ್ರಾಮ್ (ಪ್ರೊಮೆನೇಡ್ ಎಂಬುದರ ಮೊಟಕು) ಅಂತಲೇ ಕರೆಯುತ್ತಾರೆ. ಅದರ ಪಶ್ಚಿಮದ ತುದಿಗೆ ತಲುಪಿದವರು ಅಲ್ಲಿನ ಗೋಡೆಗೆ ಒಂದು ಒದೆ ಕೊಡುವುದು ರೂಢಿ; ಮಕ್ಕಳಿಗೆ ಇದೇ ದೊಡ್ಡ ಆಕರ್ಷಣೆ. ಟವರ್ ಹತ್ತಿರ ಜನ ಚಳಿಗಾಲದಲ್ಲೂ ನೀರಿಗೆ ಹಾರುತ್ತಿರುತ್ತಾರೆ. ಅವರು ವರ್ಷವಿಡೀ ಈಜಿ ಮೈ ಪಳಗಿಸಿಕೊಂಡವರು. ಅಷ್ಟು ತಣ್ಣನೆಯ ನೀರಿಗೆ ಹಠಾತ್ತಾಗಿ ಇಳಿದರೆ ಉಸಿರು ಹಿಡಿತ ತಪ್ಪುತ್ತದೆ, ಮಕ್ಕಳಿಗೆ ಅದು ಬೇಡವೇ ಬೇಡ. ಅಲ್ಲಿನ ಮೆಟ್ಟಿಲುಗಳ ಮೇಲೆ ಹಸಿರು ಪಾಚಿ ಕಟ್ಟಿರುತ್ತದೆ. ನಾವು ಮಕ್ಕಳನ್ನು ಒಣ ಕಾಂಕ್ರೀಟಿನ ಮೇಲೇ ನಿಲ್ಲಿಸಿಕೊಳ್ಳುತ್ತೇವೆ.

ನಡೆಯುವಾಗ ಕೊಲ್ಲಿಯ ಆಚೆ ದಡದ ಕ್ಲೇರ್ ಬೆಟ್ಟಗಳ ಮೇಲೆ ಒಂದು ಕಣ್ಣಿಡಿ. ಅವು ಮಸುಕಾಗಿ ಮರೆಯಾದರೆ ಮಳೆ ಇನ್ನೇನು ಬಂತು ಅಂತ ಅರ್ಥ. ಇಲ್ಲಿ ಮಳೆ ಎರಡು ಬಗೆ, ವ್ಯತ್ಯಾಸ ತಿಳಿದಿದ್ದರೆ ದಿನ ಉಳಿಯುತ್ತದೆ. ಬಿಡಿ ಬಿಡಿ ಮೋಡಗಳ ಮಳೆ ಕಾಲು ಗಂಟೆ ಸುರಿದು ನಿಲ್ಲುತ್ತದೆ, ಹಿಂದೆಯೇ ಬಿಸಿಲು. ಇದಕ್ಕೆ ಪ್ರಾಮ್‌ನ ಶೆಲ್ಟರ್‌ಗಳು ಸಾಕು. ಆಕಾಶವೆಲ್ಲ ಒಂದೇ ಬೂದು ಬಣ್ಣಕ್ಕೆ ತಿರುಗಿ ಬರುವ ಮಳೆ ಗಂಟೆಗಟ್ಟಲೆ ಬಿಡುವುದಿಲ್ಲ. ಆಗ ಕಾಯದೆ ನೇರ ಅಕ್ವೇರಿಯಂ ಒಳಗೆ ಹೋಗಿಬಿಡಬೇಕು, ಅದು ಪ್ರಾಮ್‌ಗೆ ಎದುರೇ ಇದೆ. ಯಾವ ಬಗೆಯದು ಎಂದು ಐರ್ಲೆಂಡಿನ ಹವಾಮಾನ ಸಂಸ್ಥೆ ಮೆಟ್ ಏರನ್‌ನ ಮಳೆ ರೇಡಾರ್‌ನಲ್ಲಿ ನೋಡಿಕೊಳ್ಳುತ್ತೇವೆ: ಚುಕ್ಕೆ ಚುಕ್ಕೆಯಾಗಿದ್ದರೆ ಮೊದಲನೆಯದು, ಉದ್ದನೆಯ ಪಟ್ಟಿಯಾಗಿದ್ದರೆ ಎರಡನೆಯದು.

ಬಟ್ಟೆಯಲ್ಲಿ ನಮ್ಮವರು ಎಡವುವುದು ಹತ್ತಿಯಿಂದ. ಜೀನ್ಸ್, ಹತ್ತಿ ಬನಿಯನ್ ಒಮ್ಮೆ ನೆನೆದರೆ ದಿನಪೂರ್ತಿ ಒಣಗುವುದಿಲ್ಲ, ಮೈಬಿಸಿಯನ್ನೆಲ್ಲ ಹೀರುತ್ತದೆ. ಮೈಗೆ ತಾಗುವ ಹಾಗೆ ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್, ಅದರ ಮೇಲೆ ಫ್ಲೀಸ್, ಹೊರಗೆ ಹುಡ್ ಇರುವ ವಾಟರ್‌ಪ್ರೂಫ್ ಜಾಕೆಟ್, ಇಷ್ಟು ಸಾಕು. ಬಾತುಕೋಳಿ ಪುಕ್ಕ ತುಂಬಿದ ದಪ್ಪ ಕೋಟು ಒಣ ಚಳಿಗೆ ಚೆನ್ನ, ಇಲ್ಲಿ ನೆನೆದು ಮುದ್ದೆಯಾಗುತ್ತದೆ. ಕೊಡೆಯನ್ನು ಮನೆಯಲ್ಲೇ ಬಿಡಿ, ಅಟ್ಲಾಂಟಿಕ್ ಗಾಳಿಗೆ ಅದರ ಕಡ್ಡಿ ಉಳಿಯುವುದಿಲ್ಲ. ಪ್ರತಿ ಮಗುವಿಗೆ ಎರಡು ಜೊತೆ ಕಾಲುಚೀಲ, ಒಂದು ಜೊತೆ ಕೈಗವಸು ಹೆಚ್ಚುವರಿ ಇಟ್ಟುಕೊಳ್ಳಿ. ಕಂಬಿ, ಬೆಂಚು ಮುಟ್ಟುವುದರಿಂದ ಮೊದಲು ಒದ್ದೆಯಾಗುವುದು ಕೈಗವಸೇ. ಕೂಸುಗಾಡಿ ತಂದರೆ ನಿಂತಲ್ಲೆಲ್ಲ ಬ್ರೇಕ್ ಹಾಕಲೇಬೇಕು, ಮಳೆಹೊದಿಕೆಗೆ ಗಾಳಿ ತುಂಬಿದರೆ ಗಾಡಿ ತಾನಾಗಿ ಉರುಳುತ್ತದೆ.

ಊಟಕ್ಕೆ ಬಿಸಿಬೇಳೆಬಾತ್ ಕಟ್ಟಿಕೊಳ್ಳುವುದು ಉತ್ತಮ. ಚಿತ್ರಾನ್ನ, ಪುಳಿಯೋಗರೆ ತಣ್ಣಗಾದರೆ ಅನ್ನ ಬಿರುಸಾಗುತ್ತದೆ. ಅಗಲ ಬಾಯಿಯ ಫ್ಲಾಸ್ಕಿಗೆ ಮೊದಲು ಕುದಿಯುವ ನೀರು ತುಂಬಿ ಹತ್ತು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಬಾತನ್ನು ಕುದಿ ಆರುವ ಮುಂಚೆ ಕತ್ತಿನ ತನಕ ತುಂಬಬೇಕು. ಒಳಗೆ ಗಟ್ಟಿಯಾಗುವುದರಿಂದ ಮನೆಯಲ್ಲಿ ಮಾಡುವುದಕ್ಕಿಂತ ತೆಳುವಾಗಿರಲಿ; ತುಪ್ಪ ಕಡಿಮೆ ಹಾಕಿ, ಚಳಿಗೆ ಹೆಪ್ಪುಗಟ್ಟಿ ಬಾಯಿಗೆ ಅಂಟುತ್ತದೆ. ಹೊರಗೆ ತಿನ್ನುವ ಸಸ್ಯಾಹಾರಿಗಳು ಎರಡು ಪ್ರಶ್ನೆ ಕೇಳಬೇಕು: ಆಲೂಗಡ್ಡೆ ಚಿಪ್ಸ್ (ನಾವು ಫ್ರೆಂಚ್ ಫ್ರೈಸ್ ಅನ್ನುವುದು) ಕರಿಯುವುದು ಎಣ್ಣೆಯಲ್ಲೋ ದನದ ಕೊಬ್ಬಿನಲ್ಲೋ, ಅದೇ ಬಾಣಲೆಯಲ್ಲಿ ಮೀನೂ ಬೀಳುತ್ತದೆಯೋ. ತರಕಾರಿ ಸೂಪಿಗೂ ಕೋಳಿ ಸ್ಟಾಕ್ (ಕೋಳಿ ಕುದಿಸಿದ ರಸ) ಹಾಕುವವರಿದ್ದಾರೆ.

ಉಬ್ಬರದ ವಿಷಯಕ್ಕೆ ಪಂಚಾಂಗವೇ ನೆರವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಗಾಲ್ವೇ ಕೊಲ್ಲಿಯ ದೊಡ್ಡ ಉಬ್ಬರ ಬೆಳಿಗ್ಗೆ, ಸಂಜೆ ಐದಾರು ಗಂಟೆಯ ಹೊತ್ತಿಗೆ ಬರುತ್ತದೆ; ಮಧ್ಯಾಹ್ನ ನೀರು ದೂರ ಸರಿದು ಮರಳು, ಕಲ್ಲುಗುಂಡಿಗಳು ತೆರೆದುಕೊಳ್ಳುತ್ತವೆ. ಮಕ್ಕಳಿಗೆ ಶಂಖ, ಏಡಿ ಹುಡುಕಲು ಇದೇ ಒಳ್ಳೆಯ ಸಮಯ. ಆದರೆ ಅಂಥ ಸಂಜೆಗೆ ವಾಯುಭಾರ ಕುಸಿತವೂ ನೈಋತ್ಯದ ಬಿರುಗಾಳಿಯೂ ಕೂಡಿದರೆ ಸಾಲ್ಟ್‌ಹಿಲ್ ರಸ್ತೆಗೆ, ಸ್ಪ್ಯಾನಿಷ್ ಆರ್ಚ್‌ಗೆ ನೀರು ನುಗ್ಗುತ್ತದೆ. ವಾಯುಭಾರ 1 ಹೆಕ್ಟೋಪ್ಯಾಸ್ಕಲ್ ಇಳಿದರೆ ಕಡಲು ಸುಮಾರು 1 ಸೆಂಟಿಮೀಟರ್ ಏರುತ್ತದೆ, ಮೇಲಿಂದ ಗಾಳಿ ದೂಡುತ್ತದೆ. ಗಾಳಿಯ ಹಳದಿ ಎಚ್ಚರಿಕೆ ಇದ್ದರೆ ನಾವು ಪ್ರಾಮನ್ನೂ ಕ್ಲಾಡಾ ಬಳಿ ನೀರಿಗೆ ಚಾಚಿರುವ ಕಟ್ಟೆ ನಿಮೋಸ್ ಪಿಯರನ್ನೂ ಬಿಡುತ್ತೇವೆ, ಕಿತ್ತಳೆ ಇದ್ದರೆ ಪ್ರಯಾಣವನ್ನೇ ಬಿಡುತ್ತೇವೆ. 2025ರ ಜನವರಿ 24ರಂದು ಏಯೋವಿನ್ ಬಿರುಗಾಳಿ ಬಂದಾಗ ಇದೇ ಕೌಂಟಿಯ ಮೇಸ್ ಹೆಡ್‌ನಲ್ಲಿ ಗಂಟೆಗೆ 183 ಕಿಲೋಮೀಟರ್ ವೇಗದ ಗಾಳಿಯ ಹೊಡೆತ ದಾಖಲಾಯಿತು. ಕೆಂಪು ಎಚ್ಚರಿಕೆ ಎಂದರೆ ಅಂಥದ್ದು.

ಮಧ್ಯಾಹ್ನ ಎರಡರ ಹೊತ್ತಿಗೆ ಕ್ಲಾಡಾ ತಲುಪಿದರೆ ಎದುರು ದಡದ ಲಾಂಗ್ ವಾಕ್‌ನ ಬಣ್ಣದ ಮನೆಗಳ ಫೋಟೋಗೆ ಒಳ್ಳೆಯ ಬೆಳಕಿರುತ್ತದೆ. ಇಲ್ಲಿ ಮಕ್ಕಳ ಕೈ ಬಿಡಬೇಡಿ: ಕಾರಿಬ್ ಚಿಕ್ಕ ನದಿ, ಉದ್ದ 6 ಕಿಲೋಮೀಟರ್ ಅಷ್ಟೇ, ಆದರೆ ಚಳಿಗಾಲದಲ್ಲಿ ಅದರ ಸೆಳೆತ ಭಯಂಕರ; ಆರ್ಚ್ ಪಕ್ಕದ ದಂಡೆಗೆ ಕಂಬಿಯಿಲ್ಲ. ಆರ್ಚ್ 1584ರ ಕೋಟೆಗೋಡೆಯ ಭಾಗ, ಪಕ್ಕದಲ್ಲೇ ಉಚಿತ ಪ್ರವೇಶದ ನಗರ ಮ್ಯೂಸಿಯಂ. ಸೋಮವಾರ ಅದು ಮುಚ್ಚಿರುತ್ತದೆ, ಚಳಿಗಾಲದ ಭಾನುವಾರದ ಬಗ್ಗೆ ಮೊದಲೇ ನೋಡಿಕೊಳ್ಳಿ. ಒಳಗೆ ತೂಗುಹಾಕಿರುವ ಗಾಲ್ವೇ ಹೂಕರ್ ಎಂಬ ಇಲ್ಲಿನ ಸಾಂಪ್ರದಾಯಿಕ ಹಾಯಿದೋಣಿಯನ್ನು ಕೆಳಗಿನಿಂದಲೂ ಮೇಲಿನಿಂದಲೂ ನೋಡಬಹುದು.

ಕತ್ತಲಾದ ಮೇಲೆ 1320ರ ಸೇಂಟ್ ನಿಕೋಲಸ್ ಚರ್ಚ್ ಸುತ್ತ (ಶನಿವಾರವಾದರೆ ಅಲ್ಲೇ ಸಂತೆ), ಶಾಪ್ ಸ್ಟ್ರೀಟ್‌ನ ದೀಪಗಳು. ಹಾಡು ಕೇಳಲು ಪಬ್ಬಿಗೆ ಹೋಗುವುದಾದರೆ ಬೇಗ ಹೋಗಿ; ಚಳಿಗಾಲದಲ್ಲಿ ಮಕ್ಕಳು ರಾತ್ರಿ 9ಕ್ಕೆ ಹೊರಗೆ ಬರಬೇಕೆಂಬುದು ಕಾನೂನು.

ರೈಲು ನಿಲ್ದಾಣ ಐರ್ ಸ್ಕ್ವೇರ್ ಪಕ್ಕದಲ್ಲೇ, ಡಬ್ಲಿನ್‌ಗೆ ಸುಮಾರು ಎರಡೂವರೆ ಗಂಟೆ. ಒದ್ದೆ ಕಾಲುಚೀಲ ಬದಲಿಸುವುದನ್ನು ರೈಲು ಹತ್ತಿದ ಕೂಡಲೇ ಮಾಡಿ, ಮಕ್ಕಳು ನಿದ್ದೆಹೋದ ಮೇಲೆ ಆಗುವುದಿಲ್ಲ. ಮನೆಗೆ ಬಂದು ಶೂಗಳ ಒಳಗೆ ಹಳೇ ಪತ್ರಿಕೆ ಉಂಡೆ ಮಾಡಿ ತುರುಕಿ, ಒಂದೆರಡು ಗಂಟೆಗೆ ಬದಲಿಸಿ. ರೇಡಿಯೇಟರ್ ಮೇಲೆ ಇಟ್ಟರೆ ಅಂಟು ಬಿಟ್ಟು ಅಟ್ಟೆ ಕಿತ್ತುಬರುತ್ತದೆ.