ಗಾಜಿನ ಮೇಲೆ ಉರುಳಿಸಿ ಆರಿಸಿದ ಪೆಲೆಟ್‌ಗಳು

ವಿದೇಶಿ ಮ್ಯಾಚ್ ಪೆಲೆಟ್ (ಸ್ಪರ್ಧೆಗೆಂದೇ ಮಾಡಿದ ಸಣ್ಣ ಸೀಸದ ಗುಂಡು) ಇಲ್ಲದೆ ಹತ್ತು ಮೀಟರ್ ಏರ್ ಪಿಸ್ತೂಲಿನ ಅಭ್ಯಾಸವೇ ಆಗದೆಂದು ಬೆಳಗಾವಿಯ ನಮ್ಮ ಶೂಟಿಂಗ್ ರೇಂಜಿನ ಹಿರಿಯರು ಹೇಳುತ್ತಲೇ ಬಂದಿದ್ದರು. "ಅಕ್ಕಿ ಆರಿಸಿಧಂಗ ಇವನ್ನ ಆರಿಸ್ತೀರೇನ್ರಿ?" ಎಂದು, ನಾನು ಅಗ್ಗದ ದೇಶಿ ಪೆಲೆಟ್‌ಗಳಲ್ಲಿ ಒಳ್ಳೆಯವನ್ನು ಬೇರ್ಪಡಿಸುವುದನ್ನು ಕಂಡು ನಕ್ಕಿದ್ದವರೇ ಕಳೆದ ತಿಂಗಳು ನನ್ನ ಡಬ್ಬಿಯಿಂದ ಐವತ್ತು ಪೆಲೆಟ್ ಕೇಳಿ ಒಯ್ದದ್ದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ತಿಂಗಳಿಗೆ ನನಗೆ ಸುಮಾರು 2,000 ಪೆಲೆಟ್ ಬೇಕು. 500ರ ವಿದೇಶಿ ಡಬ್ಬಿಗೆ 1,300 ರೂಪಾಯಿಯಂತೆ 5,200 ರೂಪಾಯಿ ಹೋಗುತ್ತಿತ್ತು. ದೇಶಿ ಡಬ್ಬಿ 350ಕ್ಕೆ ಸಿಗುತ್ತದೆ. ಒಂದರಲ್ಲಿ 330ರಷ್ಟು ಒಳ್ಳೆಯವು ಉಳಿದರೂ ಆರು ಡಬ್ಬಿಗೆ 2,100 ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ.

ಮೊದಲು ತೂಕವೇ ಮುಖ್ಯವೆಂದು ನಂಬಿ, ಶಹಾಪುರದ ಪತ್ತಾರರೊಬ್ಬರ ಬಳಿ ನೋಡಿದಂಥದೇ ಮಿಲಿಗ್ರಾಂ ತಕ್ಕಡಿಯನ್ನು 1,800 ರೂಪಾಯಿ ಕೊಟ್ಟು ತಂದೆ. ಫ್ಯಾನಿನ ಗಾಳಿಗೆ ಅಂಕಿ ನಿಲ್ಲಲಿಲ್ಲ. ಫ್ಯಾನ್ ಆರಿಸಿ, ಮೇ ತಿಂಗಳ ಸೆಕೆಯಲ್ಲಿ ಬೆವರುತ್ತ ತೂಗಿದವೂ ತೂಗದವೂ ಗುರಿಯ ಹಾಳೆಯ ಮೇಲೆ ಒಂದೇ ರೀತಿ ಚದುರಿದವು. ತಕ್ಕಡಿಯನ್ನು ಅರ್ಧ ಬೆಲೆಗೆ ಮಾರಿದೆ. ಆಮೇಲೆ ಅಂಟವಾಳದ ನೀರಿನಲ್ಲಿ ತೊಳೆಯುವ ಹುಚ್ಚು ಹಿಡಿಯಿತು. ನಮ್ಮೂರಿನ ಮಳೆಗಾಲದಲ್ಲಿ ಅವು ಸರಿಯಾಗಿ ಒಣಗದೆ ಸೀಸದ ಮೇಲೆ ಬಿಳಿ ಪುಡಿ ಕೂತು, ಎರಡು ಡಬ್ಬಿ, ಅಂದರೆ 700 ರೂಪಾಯಿ, ನೀರಿಗೆ ಹೋಯಿತು.

ಕೈಹಿಡಿದದ್ದು ಹಳೆಯ ಕಿಟಕಿಯ ಗಾಜು. ಪೆಲೆಟ್‌ನ ತಲೆಗೂ ಹಿಂದಿನ ಅಂಚಿಗೂ ಅಗಲದಲ್ಲಿ ವ್ಯತ್ಯಾಸವಿರುವುದರಿಂದ, ಇಳಿಜಾರು ಗಾಜಿನ ಮೇಲೆ ಬಿಟ್ಟಾಗ ಅದು ಬುಗುರಿಯಂತೆ ಬಾಗಿ ಉರುಳುತ್ತದೆ. ಅಳತೆ ಒಂದೇ ಆಗಿರುವವು ಗಾಜಿನ ಕೆಳಗಿನ ಗೂಡುಗಳಲ್ಲಿ ಒಂದೇ ಗೂಡಿಗೆ ಬೀಳುತ್ತವೆ, ಅಂಚು ನಜ್ಜಾದದ್ದು ಟಕಟಕ ಎನ್ನುತ್ತ ಕುಪ್ಪಳಿಸಿ ತಾನೇ ಹೊರಗೆ ಹೋಗುತ್ತದೆ. ಗಾಜಿನ ಇಳಿಜಾರು ಎಷ್ಟು, ಪೆಲೆಟ್ಟನ್ನು ಬಿಡುವ ಬಗೆ ಹೇಗೆ ಎಂಬ ಎರಡನ್ನು ನಾನು ಹೇಳುವುದಿಲ್ಲ. ಅವನ್ನು ಕಂಡುಕೊಳ್ಳಲು ನನಗೆ ನಾಲ್ಕು ತಿಂಗಳು ಹಿಡಿದಿದೆ. ಒಂದು ಮಾತು ಮಾತ್ರ ಹೇಳಬಲ್ಲೆ: ಡಬ್ಬಿಗಳ ಲಾಟ್ ನಂಬರು (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ಬೆರೆತರೆ ಗೂಡುಗಳ ಲೆಕ್ಕವೆಲ್ಲ ತಪ್ಪುತ್ತದೆ.

ಉದ್ಯಮಬಾಗದ ಲೇತ್ ಅಂಗಡಿಯೊಂದರಲ್ಲಿ 600 ರೂಪಾಯಿಗೆ ಮಾಡಿಸಿದ ಹಿಡಿಕೆಯಲ್ಲಿ ಪಿಸ್ತೂಲನ್ನು ಬಿಗಿದು, ಐದೈದು ಹೊಡೆದು, ರಂಧ್ರಗಳ ಹೊರ ಅಂಚಿನಿಂದ ಅಂಚಿಗೆ ಅಳೆದೆ. ಮ್ಯಾಚ್ ಪೆಲೆಟ್ 7 ಮಿ.ಮೀ. ಆಸುಪಾಸು, ಆರಿಸಿದ ದೇಶಿ 8, ಆರಿಸದ ದೇಶಿ 11. ಗುರಿಹಾಳೆಯಲ್ಲಿ ಹತ್ತು ಅಂಕ ಕೊಡುವ ನಡುವಿನ ವೃತ್ತದ ಅಡ್ಡಳತೆ 11.5 ಮಿ.ಮೀ. ಇರುವಾಗ, ನನ್ನ ಕೈಯ ನಡುಕದ ಮುಂದೆ ಆ ಒಂದು ಮಿ.ಮೀ. ಏನೂ ಅಲ್ಲ. ಅರವತ್ತು ಗುಂಡಿನ ನನ್ನ ಅಂಕ 541ರಿಂದ 553ಕ್ಕೆ ಏರಿದೆ. ಅದರಲ್ಲಿ ಬೆಳಗಿನ ಅಭ್ಯಾಸದ ಪಾಲೂ ಇದೆ. ಸ್ಪರ್ಧೆಯ ದಿನ ಮಾತ್ರ ಇಂದಿಗೂ ವಿದೇಶಿ ಡಬ್ಬಿಯನ್ನೇ ಒಡೆಯುತ್ತೇನೆ.

ತಿರಸ್ಕೃತವಾದವು ಟ್ರಿಗರ್ ಅಭ್ಯಾಸಕ್ಕೆ ಸಲ್ಲುತ್ತವೆ. ಹೊಡೆದ ಪೆಲೆಟ್ ಬೀಳುವ, ಗುರಿಯ ಹಿಂದಿನ ಪೆಟ್ಟಿಗೆಯಲ್ಲಿ ತಿಂಗಳಿಗೆ ಒಂದು ಕಿಲೋಗಿಂತ ತುಸು ಹೆಚ್ಚೇ ಸೀಸ ಸಂಗ್ರಹವಾಗುತ್ತದೆ. ಗುಜರಿಯವನು ಅದಕ್ಕೆ ಕೊಡುವ ನೂರಿಪ್ಪತ್ತು ರೂಪಾಯಿಯೂ ಮುಂದಿನ ಡಬ್ಬಿಗೇ ಸೇರುತ್ತದೆ.