ಎಂಎಂ540 ಜೀಪಿಗೆ ರಿಸರ್ವ್ ಲೈಟ್: ಮೂರನೇ ಸಲಕ್ಕೆ ಕೈಹಿಡಿಯಿತು

ಹಳೇ ಜೀಪಿಗೆ ರಿಸರ್ವ್ ಲೈಟ್, ಅಂದರೆ ಡೀಸೆಲ್ ಮುಗಿಯುತ್ತ ಬಂತೆಂದು ಹೇಳುವ ದೀಪ, ಕೂರಿಸುತ್ತೇನೆ ಅಂದಾಗ ಗ್ಯಾರೇಜಿನಲ್ಲಿ ಬಂದ ಉತ್ತರ: ‘ಒಂದು ಮಳೆಗಾಲ ದಾಟ್ಲಿ ಸಾರ್, ಆಮೇಲೆ ಮಾತಾಡಣ.’ ಈಗ ಎರಡು ಮಳೆಗಾಲ ದಾಟಿದೆ, ಅದೂ ಮೂಡಿಗೆರೆ ಕಡೆಯ ಮಳೆಗಾಲ. ಏಳು ಲೀಟರಿಗೆ ಬಂದಾಗ ಲೈಟು ಹತ್ತುತ್ತದೆ, ಒಂದು ಲೀಟರ್ ಸುರಿದರೆ ಆರುತ್ತದೆ.

ಗಾಡಿ ಮಹೀಂದ್ರಾ ಎಂಎಂ540, 2112 ಸಿಸಿ ಪೆಜೋ ಡೀಸೆಲ್ ಎಂಜಿನ್. ಟ್ಯಾಂಕಿಗೆ ಸುಮಾರು 40 ಲೀಟರ್ ಹಿಡಿಯುತ್ತದೆ. ಪೆಟ್ರೋಲ್ ಗಾಡಿ ಖಾಲಿಯಾದರೆ ಕ್ಯಾನ್ ತಂದು ಸುರಿದರಾಯಿತು. ಡೀಸೆಲ್‌ನಲ್ಲಿ ಲೈನಿಗೆ ಗಾಳಿ ಹೊಕ್ಕಿತೆಂದರೆ ಫಿಲ್ಟರ್ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪ್ ಒತ್ತಿ ಒತ್ತಿ ಏರ್ ತೆಗೆಯಬೇಕು. ತಳದ ಕೆಸರು ಫಿಲ್ಟರ್ ಸೇರಿದ್ದು ಬೇರೆ ಖರ್ಚು. ಈ ಲೈಟಿಗೆ ಇಷ್ಟು ತಲೆ ಕೆಡಿಸಿಕೊಂಡದ್ದು ಅದಕ್ಕೇ.

ಮೊದಲ ಪ್ರಯತ್ನ ಥರ್ಮಿಸ್ಟರ್. ಬೈಕುಗಳ ಟ್ಯಾಂಕಿನಲ್ಲಿರುವ ಥರದ್ದೇ: ಎಣ್ಣೆಯಲ್ಲಿ ಮುಳುಗಿದ್ದಾಗ ತಣ್ಣಗಿರುತ್ತದೆ, ಮೇಲೆ ಬಂದರೆ ತನ್ನ ಕರೆಂಟಿಗೇ ಬಿಸಿಯಾಗಿ ರೆಸಿಸ್ಟೆನ್ಸ್ ಇಳಿದು ಬಲ್ಬು ಹತ್ತುತ್ತದೆ. ನಾನು ಮಾಡಿದ ತಪ್ಪು, ಬಲ್ಬಿನ ಜಾಗಕ್ಕೆ ಎಲ್‌ಇಡಿ ಹಾಕಿದ್ದು. ಎಲ್‌ಇಡಿ ಬಿಡುವ ಹತ್ತು ಮಿಲಿಆಂಪಿಗೆ ಥರ್ಮಿಸ್ಟರ್ ಬಿಸಿಯೇ ಆಗುವುದಿಲ್ಲ. 3.4 ವ್ಯಾಟ್ ಬಲ್ಬಿಗೆ ಮರಳಿದ ಮೇಲೆ ಹತ್ತಿತು, ಆದರೆ ಮಧ್ಯಾಹ್ನದ ಬಿಸಿಲಲ್ಲಿ ಬೇಗ, ಚಳಿಯ ಬೆಳಿಗ್ಗೆ ತಡ. ಪಂಪಿನಿಂದ ವಾಪಸ್ ಬರುವ ಡೀಸೆಲ್ಲೂ ಬಿಸಿ ಇರುತ್ತದಲ್ಲ. 700 ರೂಪಾಯಿ ಹೋಯಿತು.

ಎರಡನೆಯದು ನೀರಿನ ಟ್ಯಾಂಕಿನ ರೀಡ್ ಫ್ಲೋಟ್ ಸ್ವಿಚ್, ತೇಲುವ ಬುರುಡೆ ಇಳಿದಾಗ ಕೆಲಸ ಮಾಡುವ ಸ್ವಿಚ್. ಸ್ವಿಚ್ಚಿಗೆ ಇನ್ನೂರೋ ಇನ್ನೂರೈವತ್ತೋ. ಟ್ಯಾಂಕ್ ಇಳಿಸಿ, ತೊಳೆದು, ತೂತು ಮಾಡಿಸಿ ಮತ್ತೆ ಏರಿಸುವ ಕೂಲಿ 1200ರ ಮೇಲೆ. ಅದರ ರಬ್ಬರ್ ವಾಷರ್ ಡೀಸೆಲ್ಲಿಗೆ ಉಬ್ಬಿ ಎರಡು ತಿಂಗಳಲ್ಲಿ ಜಿನುಗತೊಡಗಿತು. ಹಾಕುವುದೇ ಆದರೆ ನೈಟ್ರೈಲ್ ಅಥವಾ ವೈಟಾನ್ ವಾಷರ್ ಬೇಕು. ಅಷ್ಟಾದರೂ ಕುಲುಕಾಟಕ್ಕೆ ಲೈಟು ಪಿಳಿಪಿಳಿ ಅನ್ನುವುದು ನಿಲ್ಲಲಿಲ್ಲ. ಆ ತೂತನ್ನು ಮುಚ್ಚಿಸಲು ಇನ್ನೂ 400.

ಕೊನೆಗೆ ನಿಂತದ್ದು ಟ್ಯಾಂಕಿಗೆ ಕೈ ಹಚ್ಚದ ದಾರಿ. ಟ್ಯಾಂಕಿನಲ್ಲಿ ಮೊದಲೇ ಇರುವ, ಫ್ಲೋಟ್ ಏರಿಳಿದಂತೆ ರೆಸಿಸ್ಟೆನ್ಸ್ ಬದಲಿಸಿ ಮೀಟರಿಗೆ ಮಟ್ಟ ತಿಳಿಸುವ ಯೂನಿಟ್ಟಿನ ವೋಲ್ಟೇಜನ್ನೇ ಎಲ್‌ಎಂ393 ಕಂಪ್ಯಾರೇಟರಿನಿಂದ (ಎರಡು ವೋಲ್ಟೇಜ್ ಹೋಲಿಸುವ ಐಸಿ) ಓದಿಸುವುದು. ನನ್ನ ಯೂನಿಟ್ ತುಂಬಿದಾಗ 9 ಓಮ್, ಫ್ಲೋಟ್ ತಳ ಮುಟ್ಟಿದಾಗ 72ರ ಹತ್ತಿರ. ಫ್ಲೋಟ್ ತಳ ಮುಟ್ಟುವುದು ಇನ್ನೂ ಮೂರು ಲೀಟರ್ ಇರುವಾಗ, ಅದರ ಕೆಳಗೆ ಯಾವ ಸರ್ಕ್ಯೂಟಿಗೂ ಏನೂ ಗೊತ್ತಾಗುವುದಿಲ್ಲ. ನಡುವೆ ಲೀಟರಿಗೆ ಹೆಚ್ಚುಕಡಿಮೆ 1.7 ಓಮ್, ಅಂದರೆ ಏಳು ಲೀಟರಿಗೆ 65. ನಿಮ್ಮ ಗಾಡಿಯದನ್ನು ನೀವೇ ಅಳೆದುಕೊಳ್ಳಿ. ಕೆಲವು ಗಾಡಿಗಳಲ್ಲಿ ಖಾಲಿಗೆ ಕಡಿಮೆ, ತುಂಬಿದ್ದಕ್ಕೆ ಹೆಚ್ಚು ಇರುತ್ತದೆ. ಆಗ ಈ ಸರ್ಕ್ಯೂಟನ್ನು ಇದ್ದ ಹಾಗೇ ಹಾಕಲಾಗದು.

ಮೀಟರಿನ ಹಿಂದಿನ, ಅದಕ್ಕೆ ಹೋಗುವ ವೋಲ್ಟೇಜ್ ಸ್ಥಿರ ಇಡುವ ಸ್ಟೆಬಿಲೈಸರ್ ಬಗ್ಗೆ ಮಾತ್ರ ಹುಷಾರು. ನನ್ನದರಲ್ಲಿದ್ದದ್ದು ಬಿಸಿಗೆ ಬಾಗುವ ಬೈಮೆಟಲ್ ಪಟ್ಟಿಯದು. ಅದು 12 ವೋಲ್ಟನ್ನು ಬಿಟ್ಟು ಬಿಟ್ಟು ಕೊಟ್ಟು ಸರಾಸರಿ 10 ಮಾಡುತ್ತದೆ. ನಿಧಾನದ ಮುಳ್ಳಿಗೆ ತಿಳಿಯುವುದಿಲ್ಲ, ಕಂಪ್ಯಾರೇಟರಿಗೆ ತಿಳಿಯುತ್ತದೆ. ಅದನ್ನು ಕಿತ್ತು 7810 (10 ವೋಲ್ಟಿನ ರೆಗ್ಯುಲೇಟರ್ ಐಸಿ) ಹಾಕಿದೆ. ಡೀಸೆಲ್, ಟೆಂಪರೇಚರ್ ಎರಡೂ ಮೀಟರಿಗೆ ಸೇರಿ ಕಾಲು ಆಂಪಿಯರ್ ಮೀರುವುದಿಲ್ಲ, ಆದರೂ ಒಂದು ವ್ಯಾಟಿನಷ್ಟು ಬಿಸಿ ಇದೆ, ಬಾಡಿಗೆ ಬೋಲ್ಟ್ ಮಾಡಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 7810 ಸಿಗದ ದಿನ 9 ವೋಲ್ಟಿನ 7809 ತಂದು, ನೆಲದ (ಗ್ರೌಂಡ್) ಕಾಲಿಗೆ 1ಎನ್4007 ಡಯೋಡ್ ಎರಡು ಸರಣಿಯಲ್ಲಿ ಹಾಕಿ 10ರ ಸುತ್ತಮುತ್ತ ತರಬಹುದು. ಆದರೆ ಆಗ ಐಸಿಯ ಲೋಹದ ಬೆನ್ನು ಅರ್ತ್ ಅಲ್ಲ. ನಡುವೆ ಕರೆಂಟು ತಡೆಯುವ ಮೈಕಾ ಹಾಳೆ ಇಡದೆ ಬೋಲ್ಟ್ ಮಾಡಿದರೆ ಡಯೋಡ್ ಹಾಕಿದ್ದೇ ವ್ಯರ್ಥ. ಮುಂದೆ 1 ಆಂಪಿಯರ್ ಫ್ಯೂಸ್, ಅದರ ನಂತರ ನೆಲಕ್ಕೆ, ಏರಿದ ವೋಲ್ಟೇಜನ್ನು ಹೀರುವ 1.5ಕೆಇ24ಎ ಡಯೋಡ್ ಒಂದು. ಹಳೇ ಆಲ್ಟರ್ನೇಟರುಗಳ ವೋಲ್ಟೇಜ್ ಗುದ್ದಿಗೆ ಅದು ಬೇಕೇ ಬೇಕು.

ಮೀಟರ್ ಸುರುಳಿ ನನ್ನದರಲ್ಲಿ 65 ಓಮ್ ಆಸುಪಾಸು. ಏಳು ಲೀಟರಿಗೆ ಯೂನಿಟ್ಟೂ 65 ಇರುವುದರಿಂದ ಯೂನಿಟ್ ತಂತಿಯಲ್ಲಿ ಸರಿಯಾಗಿ ಅರ್ಧ, 5 ವೋಲ್ಟ್ ಸಿಗುತ್ತದೆ. ಅದೃಷ್ಟ ಅನ್ನಿ. ಇದಕ್ಕೆ ಹೋಲಿಸಬೇಕಾದ ವೋಲ್ಟೇಜನ್ನು, ಅಂದರೆ ರೆಫರೆನ್ಸನ್ನು, ಝೀನರ್ ಡಯೋಡಿನಿಂದ ತೆಗೆಯಬೇಡಿ. ಅದೇ 10 ವೋಲ್ಟ್ ಲೈನಿನಿಂದ ಎರಡು 10ಕೆ ರೆಸಿಸ್ಟರ್ ನಡುವೆ ಹತ್ತು ಸುತ್ತಿನ 2ಕೆ ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಇಟ್ಟು ತೆಗೆಯಿರಿ. ಗ್ಲೋ ಪ್ಲಗ್ ಎಳೆದಾಗ ಬ್ಯಾಟರಿ ಕುಸಿದು 10 ಇದ್ದದ್ದು 9 ಆದರೂ ಎರಡೂ ಕಡೆ ಒಟ್ಟಿಗೇ ಇಳಿಯುತ್ತದೆ, ಲೈಟು ಮೋಸಹೋಗುವುದಿಲ್ಲ. ಔಟ್‌ಪುಟ್‌ನಿಂದ, ರೆಫರೆನ್ಸ್ ಬರುವ ಪ್ಲಸ್ ಇನ್‌ಪುಟ್ಟಿಗೆ 1 ಮೆಗ್ ರೆಸಿಸ್ಟರ್; ಹತ್ತುವುದಕ್ಕೂ ಆರುವುದಕ್ಕೂ ನಡುವೆ ಅದು ಕೊಡುವ 50 ಮಿಲಿವೋಲ್ಟ್ ಅಂತರ ಮುಕ್ಕಾಲು ಲೀಟರ್ ಚಿಲ್ಲರೆಗೆ ಸಮ. ಔಟ್‌ಪುಟ್ಟಿನಿಂದ ಪ್ಲಸ್ ಲೈನಿಗೆ 10ಕೆ ಪುಲ್‌ಅಪ್ ರೆಸಿಸ್ಟರ್, ಎಲ್‌ಇಡಿಗೆ 1ಕೆ. ಬಲ್ಬನ್ನು ನೇರ ಎಳೆಯುವ ತಾಕತ್ತು 393ಗೆ ಇಲ್ಲ, ಟ್ರಾನ್ಸಿಸ್ಟರ್ ಬೇಕು.

ಕುಲುಕಾಟಕ್ಕೆ ಮದ್ದು, ಯೂನಿಟ್ ತಂತಿಗೂ ಇನ್‌ಪುಟ್ಟಿಗೂ ನಡುವೆ 100ಕೆ ರೆಸಿಸ್ಟರ್ ಮತ್ತು ಇನ್‌ಪುಟ್ಟಿಗೆ 220 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್; ಎರಡೂ ಸೇರಿ 22 ಸೆಕೆಂಡಿನ ನಿಧಾನ ತರುತ್ತವೆ. ಇಲ್ಲಿ ನನ್ನದೊಂದು ಹೆಚ್ಚುಗಾರಿಕೆ ಇದೆ. ಎಲ್ಲರೂ ಕೆಪ್ಯಾಸಿಟರನ್ನು ನೆಲಕ್ಕೆ ಕಟ್ಟುತ್ತಾರೆ. ನಾನು ಅದರ ಪ್ಲಸ್ ಕಾಲನ್ನು 10 ವೋಲ್ಟ್ ಲೈನಿಗೆ, ಮೈನಸ್ಸನ್ನು ಇನ್‌ಪುಟ್ಟಿಗೆ ಕಟ್ಟಿದೆ. ಕೀ ಹಾಕಿದ ಕೂಡಲೇ ಇನ್‌ಪುಟ್ 10 ಕಾಣುತ್ತದೆ, ಲೈಟು ಹತ್ತುತ್ತದೆ, ಆಮೇಲೆ ತಾನೇ ಆರುತ್ತದೆ. ಬಲ್ಬ್ ಟೆಸ್ಟ್ ಪುಕ್ಕಟೆ. ಅಷ್ಟೇ ಅಲ್ಲ, ಆರಲು ಹಿಡಿಯುವ ಹೊತ್ತೇ ಒಂದು ಅಳತೆ: ಟ್ಯಾಂಕ್ ತುಂಬಿದ್ದರೆ 20 ಸೆಕೆಂಡಿನೊಳಗೆ, ಅರ್ಧ ಇದ್ದರೆ 40, ಹತ್ತು ಲೀಟರಿಗೆ ಇಳಿದಿದ್ದರೆ ಒಂದು ನಿಮಿಷ ದಾಟುತ್ತದೆ.

ಈ ಜಾಣತನಕ್ಕೆ ಎರಡು ಐಸಿ ಬಲಿಯಾದವು. ಕೀ ತೆಗೆದಾಗ 10 ವೋಲ್ಟ್ ಲೈನ್ ಸೊನ್ನೆಗೆ ಬೀಳುತ್ತದೆ, ಚಾರ್ಜ್ ಆಗಿದ್ದ ಕೆಪ್ಯಾಸಿಟರ್ ಇನ್‌ಪುಟ್ಟನ್ನು ನೆಲಕ್ಕಿಂತ ಕೆಳಗೆ ಎಳೆಯುತ್ತದೆ. ನೆಲದಿಂದ ಆ ಬಿಂದುವಿಗೆ ಒಂದು 1ಎನ್4148 ಡಯೋಡ್ ಹಾಕಿದ ಮೇಲೆ ಸಾವು ನಿಂತಿತು. ಕೆಪ್ಯಾಸಿಟರ್ 105 ಡಿಗ್ರಿಯ ಹೊಸದೇ ಇರಲಿ. ಹಳೇ ಬೋರ್ಡಿನಿಂದ ಕಿತ್ತದ್ದು ಒಂದು ಮೈಕ್ರೋಆಂಪ್ ಸೋರಿದರೂ 100ಕೆ ಮೇಲೆ 0.1 ವೋಲ್ಟ್, ಒಂದೂವರೆ ಲೀಟರ್ ಮೊದಲೇ ಲೈಟು ಹತ್ತುತ್ತದೆ.

ಅತಿ ಹೆಚ್ಚು ಸಮಯ ತಿಂದದ್ದು ಅರ್ತ್. ತುಕ್ಕಿನಿಂದ 5 ಓಮ್ ಸೇರಿಕೊಂಡರೆ ಮೂರು ಲೀಟರ್ ಲೆಕ್ಕ ತಪ್ಪುತ್ತದೆ. ಯೂನಿಟ್ಟಿನ ಫ್ಲ್ಯಾಂಜ್ ಸ್ಕ್ರೂನಿಂದ ಬೇರೆ ತಂತಿ ಎಳೆದು ಸರ್ಕ್ಯೂಟಿನ ಅರ್ತಿಗೇ ಸೇರಿಸಿ, ಬಾಡಿಯನ್ನು ನಂಬಬೇಡಿ. ಯೂನಿಟ್ ತಂತಿ ಕಡಿದರೆ ಲೈಟು ಹತ್ತಿಕೊಳ್ಳುತ್ತದೆ, ಒಳ್ಳೆಯದೇ. ಉಜ್ಜಿ ಬಾಡಿಗೆ ತಗುಲಿದರೆ ಮಾತ್ರ ಮುಳ್ಳು ಫುಲ್ ತೋರಿಸಿ ಲೈಟು ಸುಮ್ಮನಿರುತ್ತದೆ. ಸೀಟಿನ ಕೆಳಗೆ ತಂತಿಗೆ ಸ್ಲೀವ್ (ಹೊರಗವಸು) ಹಾಕಿ.

ಸೆಟ್ ಮಾಡುವುದು ಹೀಗೆ: ಸಮತಟ್ಟಿನಲ್ಲಿ ನಿಲ್ಲಿಸಿ, ಟ್ಯಾಂಕ್ ಬರಿದು ಮಾಡಿ, ಅಳೆದು ಏಳು ಲೀಟರ್ ಸುರಿದು, ಎಂಜಿನ್ ಆನ್ ಇಟ್ಟು ಎರಡು ನಿಮಿಷ ಬಿಟ್ಟು ಲೈಟು ಹತ್ತುವವರೆಗೆ ಪ್ರಿಸೆಟ್ ನಿಧಾನ ತಿರುಗಿಸಿ. ಹೀರು ಕೊಳವೆಗೆ ಎಟುಕದ ಎರಡು ಲೀಟರ್ ಬಿಟ್ಟರೆ ಐದು ಉಳಿಯಿತು. ರಸ್ತೆಯಲ್ಲಿ 50 ಕಿ.ಮೀ., ಲೋ ಗೇರಿನ ಎಸ್ಟೇಟ್ ದಾರಿಯಲ್ಲಿ ಅದರರ್ಧ.

ನಡುವೆ ಆರ್ಡುಯಿನೊ ನ್ಯಾನೊ (ಪ್ರೋಗ್ರಾಂ ಬರೆಯಬಹುದಾದ ಪುಟ್ಟ ಬೋರ್ಡು) ಹಾಕಿ ಲೀಟರ್ ಲೆಕ್ಕ ತೋರಿಸಲು ಹೋಗಿದ್ದೆ. ಹಾರ್ನ್ ಹೊಡೆದಾಗಲೆಲ್ಲ ರೀಸೆಟ್ ಆಗುತ್ತಿತ್ತು, ಬಿಟ್ಟೆ. ಬಜರ್ ಕೂಡ ಹಾಕಿ ನೋಡಿದೆ, ಆ ಎಂಜಿನ್ ಸದ್ದಿಗೆ ಯಾರಿಗೆ ಕೇಳಬೇಕು.

ಚಾರ್ಮಾಡಿಯಂಥ ಉದ್ದ ಏರಿಗೆ 22 ಸೆಕೆಂಡ್ ಸಾಲದು, ಒಂಬತ್ತು ಲೀಟರಿಗೇ ಲೈಟು ಹತ್ತುತ್ತಿತ್ತು. ಫ್ಲೋಟ್ ಕಡ್ಡಿಯನ್ನು ಒಂದು ಕಡೆ ಬಾಗಿಸಿ ಅದನ್ನು ಬಹುಪಾಲು ತಗ್ಗಿಸಿದ್ದೇನೆ. ಎಲ್ಲಿ, ಎಷ್ಟು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬೋರ್ಡಿಗೆ ವಿನೆಗರ್ ವಾಸನೆಯ ಸಿಲಿಕೋನ್ ಬಳಿಯಬೇಡಿ, ತಾಮ್ರ ಹಸಿರಾಗುತ್ತದೆ. ವಾರ್ನಿಷ್ ಎರಡು ಕೋಟ್ ಸಾಕು. ಸಾಮಾನೆಲ್ಲ ಸೇರಿ 300 ರೂಪಾಯಿ ದಾಟಿಲ್ಲ. ಅದಕ್ಕೆ ಮೊದಲು ನೀರಿಗೆ ಹಾಕಿದ್ದು ಎರಡೂವರೆ ಸಾವಿರ.